ಏಳನೇ ತೂಬಿನ ಸರದಿ

ಕೆಳಗಲಹುಂಡಿ, ಯಳಂದೂರು ತಾಲ್ಲೂಕು
೬ ಆಗಸ್ಟ್ ೨೦೨೫

ದೊಡ್ಡಪ್ಪನಿಗೆ ರೂಪಳ ನಮಸ್ಕಾರ.

ದೇವೀರಕ್ಕನ ಫೋನಿಗೆ ಮೂರು ಸಲ ಮಾಡಿದೆ. ಎರಡು ಸಲ ಸಿಗ್ನಲ್ ಇರಲಿಲ್ಲ. ಮೂರನೆಯ ಸಲ ಅಕ್ಕ ಫೋನನ್ನು ನಿಮ್ಮ ಕೈಗೇ ಕೊಟ್ಟಳು. ನಾನು ನೀರಿನ ವಿಷಯ ಕೇಳಿದರೆ ನೀವು ‘ಮುದ್ದ ಉಂಡಿ ಕಣವ್ವ, ನೀ ಉಂಡ್ಯಾ’ ಅಂದಿರಿ. ನಿಮ್ಮ ಕಿವಿಯನ್ನು ನಂಬಿಕೊಂಡರೆ ಕೆಲಸ ಆಗುವುದಿಲ್ಲ ಅಂತ ಕಾಗದ ಬರೆಯುತ್ತಿದ್ದೇನೆ.

ಸುದ್ದಿ ಏನೆಂದರೆ ನಿಮ್ಮ ತಮ್ಮನ ಮಗಳು ಈಗ ನೀರುಗಂಟಿ. ನಗಬೇಡಿ. ಮಾದು ಆ ಕೆಲಸ ಬಿಟ್ಟು ಕೊಳ್ಳೇಗಾಲದಲ್ಲಿ ವಾಚ್‌ಮನ್ ಆಗಿ ಸೇರಿಕೊಂಡ. ಕೆರೆ ಏರಿಯ ಮೇಲೆ ಓಡಾಡಿ ತೂಬು ತೆಗೆದು ಮುಚ್ಚಿ ಎಲ್ಲರ ಕೈಲೂ ಬೈಸಿಕೊಳ್ಳುವ ಕೆಲಸಕ್ಕೆ ಗಂಡಸರು ಯಾರೂ ಮುಂದೆ ಬರಲಿಲ್ಲ. ನೀರು ಬಳಕೆದಾರರ ಸಂಘದ ಸಭೆಯಲ್ಲಿ ನಾನು ಕೈ ಎತ್ತಿದೆ. ಅಧ್ಯಕ್ಷರು, ಅದೇ ಮೇಗಲಹುಂಡಿಯ ಮೊದಲನೇ ತೂಬಿನ ಪ್ರಭುಸ್ವಾಮಿಯವರು, ‘ಏನವ್ವಾ, ನೀರ್ಗಂಟಿ ಅಂದ್ರ ನಲ್ಲಿ ತಿರುಗ್ಸದು ಅನ್ಕಂಡಿದ್ದೀಯಾ’ ಅಂದರು. ನನಗೆ ರೇಗಿತು. ರೇಗಿದಾಗ ಬಾಯಿ ಸುಮ್ಮನಿರುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ‘ಈ ಬೆಳೆಗೆ ಏಳ್ನೇ ತೂಬ್ಗೂ ನೀರ್ ಮುಟ್ಟುಸ್ತೀನಿ ಸಾ’ ಅಂದುಬಿಟ್ಟೆ.

ಅವರು ಅದನ್ನೇ ಹಿಡಿದುಕೊಂಡರು. ಏಳನೇ ತೂಬಿಗೆ ಬೆಳೆ ಕೈಗೆ ಬರುವವರೆಗೆ ನೀರು ಹೋಗಿ ಹನ್ನೊಂದು ವರ್ಷ ಆಯಿತು, ಲೆಕ್ಕಕ್ಕುಂಟು ಆಟಕ್ಕಿಲ್ಲ, ಸುಮ್ಮನೆ ನಾಲೆಯ ನೀರು ಅಲ್ಲಿಗೆ ಹರಿಯಲು ಹೋಗಿ ದಾರಿಯಲ್ಲೇ ಇಂಗುತ್ತದೆ, ಈ ಬೆಳೆಗೂ ಮುಟ್ಟದಿದ್ದರೆ ಸಿಮೆಂಟು ಹಾಕಿ ಮುಚ್ಚೋಣ ಅಂತ ನಿರ್ಣಯ ಬರೆಸಿದರು. ಮುಚ್ಚಿದರೆ ಆ ಇಪ್ಪತ್ತೆರಡು ಎಕರೆ ಇನ್ನು ಗದ್ದೆಯಲ್ಲ. ಹದಿನೆಂಟು ಮನೆಯವರು ಪಡಿತರದ ಅಕ್ಕಿ ತಿಂಗಳ ಕೊನೆಗೆ ಮುಗಿದಾಗ ಅಕ್ಕಪಕ್ಕದವರ ಮೊರ ನೋಡುತ್ತಾ ಇರಬೇಕು.

ಕೆರೆ ಮುಕ್ಕಾಲು ತುಂಬಿದೆ. ಮೊದಲ ನೀರು ಜೋರಾಗಿ ಬಂದು ಏಳನೆಯದಕ್ಕೂ ಮುಟ್ಟಿದೆ. ಪ್ರತಿ ವರ್ಷವೂ ಹೀಗೆ ಆಸೆ ಹುಟ್ಟಿಸುತ್ತದೆ, ಸೆಪ್ಟೆಂಬರಿಗೆ ಐದನೇ ತೂಬು ದಾಟುವುದಿಲ್ಲ. ಆದರೂ ಪುಟ್ಟಮಲ್ಲಮ್ಮಜ್ಜಿ ನನ್ನ ಮಾತು ನಂಬಿ ಜಾಲಿ ಕಡಿಸಿ ನಾಟಿ ಹಾಕಿಸುತ್ತಿದ್ದಾಳೆ. ಅವಳನ್ನು ನೋಡಿ ಉಳಿದ ಹದಿನೇಳು ಮನೆಯವರೂ ಹಾಕುತ್ತಿದ್ದಾರೆ. ನನಗೆ ಭಯವಾಗಿದೆ ದೊಡ್ಡಪ್ಪ. ನೀವು ನಲವತ್ತು ವರ್ಷ ಈ ಕೆಲಸ ಮಾಡಿದವರು. ಕಡಿಮೆ ನೀರಿನಲ್ಲಿ ಎಲ್ಲರಿಗೂ ಹೇಗೆ ಮುಟ್ಟಿಸಲಿ, ಹೇಳಿಕೊಡಿ.

ನಿಮ್ಮ ರೂಪ


ಹೂಗ್ಯಂ, ಹನೂರು ತಾಲ್ಲೂಕು
೧೬ ಆಗಸ್ಟ್ ೨೦೨೫

ಮಗಳೇ ರೂಪ,

ಕಾಗದ ಬಂತು. ನೀರುಗಂಟಿ ರೂಪಮ್ಮನಿಗೆ ಅಂತ ಮೇಲೆ ಬರೆಯೋಣ ಅಂದುಕೊಂಡೆ, ಕೈ ಬರಲಿಲ್ಲ. ನಮ್ಮ ವಂಶದಲ್ಲಿ ಹೆಂಗಸರು ನಾಲೆಗೆ ಬಟ್ಟೆ ಒಗೆಯಲು ಹೋದದ್ದುಂಟು, ತೂಬಿನ ತಿರುಪು ಹಿಡಿದದ್ದಿಲ್ಲ. ನಿನ್ನಪ್ಪ ಇದ್ದಿದ್ದರೆ ನಿನ್ನನ್ನು ಬೈದು, ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಇಲ್ಲಿ ಕಾಡಂಚಿನಲ್ಲಿ ಎಲ್ಲ ಮಳೆ ನಂಬಿದ ಬೇಸಾಯ. ರಾಗಿ ಮೊಣಕಾಲುದ್ದ ಬಂದಿದೆ. ನೀರಿನ ಜಗಳ ಇಲ್ಲ, ಯಾಕೆಂದರೆ ನೀರೇ ಇಲ್ಲ. ಮಗಳ ಮನೆಯಲ್ಲಿ ಹೊತ್ತು ಹೋಗುವುದಿಲ್ಲ ನನಗೆ. ಹೋದ ವಾರ ಕಾಮಗೆರೆ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದೆ. ವಯಸ್ಸಾಯಿತು ಅಂದರು. ಅದನ್ನು ಹೇಳಲು ಬಸ್ ಚಾರ್ಜ್ ಬೇಕಿತ್ತೇ.

ಈಗ ಕೆಲಸದ ಮಾತು. ನಮ್ಮವರು ಗದ್ದೆ ಅಂದರೆ ಕೆರೆ ಅಂದುಕೊಂಡಿದ್ದಾರೆ. ಯಾವಾಗಲೂ ಗೇಣುದ್ದ ನೀರು ನಿಂತಿರಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ ಅವರಿಗೆ. ಭತ್ತಕ್ಕೆ ಅಷ್ಟು ಬೇಡ. ನಾಟಿಯಾಗಿ ಇಪ್ಪತ್ತು ದಿನ ನೀರು ನಿಲ್ಲಲಿ, ಬೇರು ಕಚ್ಚಲಿ. ಅಲ್ಲಿಂದಾಚೆಗೆ ಆರಬಿಟ್ಟು ನೀರು ಕಟ್ಟು. ನನ್ನಪ್ಪ ನನಗೆ ಹೇಳಿಕೊಟ್ಟದ್ದು ಇಷ್ಟೇ, ನಾನು ನಿನಗೆ ಹೇಳಿಕೊಡುವುದೂ ಇಷ್ಟೇ. ಮೇಲಿನವರು ಕೂಗಾಡುತ್ತಾರೆ, ಕೂಗಾಡಲಿ ಬಿಡು.

ಏಳನೇ ತೂಬಿನದು ಬೇರೆಯೇ ಕಥೆ. ಮಾದು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಜನ ಹೇಳುತ್ತಾರೆ.

ಕೈ ನಡುಗುತ್ತದೆ. ಅಕ್ಷರಗಳಿಗೆಲ್ಲ ಬಾಲ ಬರುತ್ತಿದೆ, ತಿದ್ದಿಕೊಂಡು ಓದು.

ಚಿಕ್ಕಸಿದ್ದಯ್ಯ


ಕೆಳಗಲಹುಂಡಿ
೨೯ ಆಗಸ್ಟ್ ೨೦೨೫

ದೊಡ್ಡಪ್ಪ,

ಬರುವ ಸೋಮವಾರದಿಂದ ನೀವು ಹೇಳಿದ ಹಾಗೆ ಶುರು. ನಿಮ್ಮ ಕಾಗದವನ್ನು ಐದು ಸಲ ಓದಿದೆ. ಒಂದೇ ಸಾಲು, ಎಷ್ಟು ದೊಡ್ಡ ಮಾತು. ನಮ್ಮ ನಾಲೆಗೇ ಹೇಳಿ ಮಾಡಿಸಿದ ಹಾಗೆ ಕೂತುಕೊಂಡಿದೆ. ಇದನ್ನು ಇಷ್ಟು ವರ್ಷ ಯಾರೂ ಯಾಕೆ ಮಾಡಲಿಲ್ಲ ಅಂತಲೇ ನನಗೆ ಆಶ್ಚರ್ಯ.

ಇವರು, ಉಮೇಶ್, ಮೊದಲು ‘ಇದಾಗದ ಮಾತು, ಮೇಗಲಹುಂಡಿಯವ್ರು ನಿನ್ನ ನಾಲೆಗ ತಳ್ತಾರ’ ಅಂದರು. ಆಮೇಲೆ ತಾವೇ ತೂಬಿನ ತಿರುಪನ್ನು ಕೊಳ್ಳೇಗಾಲಕ್ಕೆ ತೆಗೆದುಕೊಂಡು ಹೋಗಿ ಬೆಸುಗೆ ಹಾಕಿಸಿಕೊಂಡು ಬಂದರು. ಈಗ ಎರಡು ಬೆರಳಿನಲ್ಲಿ ತಿರುಗುತ್ತದೆ.

ತಿರುಪು ಹೆಗಲ ಮೇಲಿಟ್ಟುಕೊಂಡು ಏರಿಯ ಮೇಲೆ ನಡೆಯುವಾಗ ನಾನು ಸ್ವಲ್ಪ ಬೀಗುತ್ತೇನೆ, ತಪ್ಪು ತಿಳಿಯಬೇಡಿ.

ರೂಪ


ಹೂಗ್ಯಂ
೯ ಸೆಪ್ಟೆಂಬರ್ ೨೦೨೫

ರೂಪ,

ಬೀಗು, ಬೀಗು. ನಾನೂ ಬೀಗುತ್ತಿದ್ದೆ. ನಿನ್ನ ಕಾಗದವನ್ನು ದೇವೀರಿಗೆ ಓದಿ ಹೇಳಿದೆ. ನಲವತ್ತು ವರ್ಷ ಗೇದದ್ದು ದಂಡವಾಗಲಿಲ್ಲ ಅನ್ನಿಸಿತು. ನಾನು ಮಾಡುತ್ತಿದ್ದಾಗ ಮೇಲಿನವರು ನಾಲ್ಕು ದಿನ ಒಪ್ಪುತ್ತಿದ್ದರು, ಐದನೆಯ ದಿನ ತಾವೇ ತೂಬು ಎತ್ತಿಕೊಳ್ಳುತ್ತಿದ್ದರು. ನಿನ್ನ ಮಾತು ಅವರು ಕೇಳಿದರೆ ನಿನ್ನ ಬಾಯಿ ನನ್ನದಕ್ಕಿಂತ ಜೋರಿದೆ ಅಂತಲೇ ಅರ್ಥ.

ಮೇಲಿನ ಗದ್ದೆಗಳು ಎರಡು ಮೂರು ದಿನಕ್ಕೇ ಆರುತ್ತಿರಬೇಕು, ಅದು ಮರಳು ಮಿಶ್ರ ನೆಲ. ಕೆಳಗಿನ ಎರೆ ಭೂಮಿ ಐದು ದಿನ ತಡೆಯುತ್ತದೆ. ಒಂದೊಂದು ಗದ್ದೆಗೂ ಇಳಿದು ನೋಡಬೇಕು, ಕಾಲಿನಿಂದ ಒತ್ತಿ ನೋಡಬೇಕು, ಆರಿದ ಗದ್ದೆಗೆ ಮಾತ್ರ ಕಟ್ಟಬೇಕು. ದಿನಕ್ಕೆ ಆರು ಮೈಲಿ ನಡೆಯುತ್ತಿದ್ದೆ ನಾನು. ನಿನ್ನ ಮೊಣಕಾಲು ಹೇಗಿದೆ?

ಚಿಕ್ಕಸಿದ್ದಯ್ಯ


ಕೆಳಗಲಹುಂಡಿ
೧೮ ಸೆಪ್ಟೆಂಬರ್ ೨೦೨೫

ದೊಡ್ಡಪ್ಪ,

ನಿಮ್ಮ ಕಾಗದ ಓದಿ ತಲೆ ತಿರುಗಿತು. ಎರಡು ಮೂರು ದಿನಕ್ಕೆ ಆರುವುದು, ಆರಿದ ಗದ್ದೆಗೆ ಮಾತ್ರ ಕಟ್ಟುವುದು, ಇದೆಲ್ಲ ಏನು? ನೀವು ಆಗಸ್ಟಿನಲ್ಲಿ ಬರೆದದ್ದು ‘ಆರು ಬಿಟ್ಟು ನೀರು ಕಟ್ಟು’ ಅಂತ. ಈಗ ಮತ್ತೆ ತೆಗೆದು ನೋಡಿದೆ. ‘ರ’ದ ಪಕ್ಕದಲ್ಲಿ ಕೊಂಬು ಎದ್ದು ಕಾಣುತ್ತಿದೆ.

ನಾನು ಆರು ದಿನ ಬಿಟ್ಟು ಏಳನೆಯ ದಿನ ಅಂತಲೇ ತಿಳಿದುಕೊಂಡೆ. ನಮ್ಮದು ಏಳು ತೂಬು, ವಾರಕ್ಕೆ ಏಳು ದಿನ. ದಿನಕ್ಕೊಂದು ತೂಬು, ಆ ದಿನ ನಾಲೆಯ ನೀರೆಲ್ಲ ಅದೊಂದಕ್ಕೇ, ಉಳಿದ ಆರಕ್ಕೆ ಬೀಗ. ಎಲ್ಲರೂ ಆರು ದಿನ ಬಿಡುವುದು, ಒಂದು ದಿನ ಹೊಟ್ಟೆ ತುಂಬ ಕುಡಿಸುವುದು. ಸೋಮವಾರ ಏಳನೆಯದು, ಮಂಗಳವಾರ ಆರನೆಯದು, ಹೀಗೆ ಬಾಲದಿಂದ ತಲೆಗೆ. ಪ್ರಭುಸ್ವಾಮಿಯವರದು ಭಾನುವಾರ.

ಮೊದಲ ಸೋಮವಾರ ಬೆಳಿಗ್ಗೆ ಆರೂ ತೂಬು ಮುಚ್ಚಿ ನಾನು ನಾಲೆಯ ಏರಿಯ ಮೇಲೆ ನೀರಿನ ಜೊತೆಯಲ್ಲೇ ನಡೆದುಕೊಂಡು ಬಂದೆ. ಒಣ ನಾಲೆಯಲ್ಲಿ ನೀರು ತರಗೆಲೆ ತಳ್ಳಿಕೊಂಡು ನಿಧಾನ ಬರುತ್ತದೆ, ನಾನು ಮುಂದೆ ಹೋಗಿ ನಿಂತು ಕಾಯುತ್ತಿದ್ದೆ. ಹನ್ನೊಂದೂವರೆಗೆ ಏಳನೇ ತೂಬು ಮುಟ್ಟಿತು. ಪುಟ್ಟಮಲ್ಲಮ್ಮಜ್ಜಿ ಬದುವಿನ ಮೇಲೆ ಕೂತಿದ್ದಳು. ಗದ್ದೆಗೆ ಇಳಿದು ಕಾಲಿನಿಂದ ಕೆಸರು ತುಳಿದು ನೋಡಿದಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನೂ ಅತ್ತೆ ದೊಡ್ಡಪ್ಪ, ಹೇಳಲು ನಾಚಿಕೆ ಏನು.

ಪ್ರಭುಸ್ವಾಮಿಯವರು ಗುರುವಾರ ಸ್ಕೂಟರಿನಲ್ಲಿ ಬಂದರು. ಗದ್ದೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಅಂತ ಕೂಗಾಡಿದರು. ‘ಯಾರವ್ವ ನಿಂಗ ಇದ್ನ ಯೋಳ್ಕೊಟ್ಟೋರು’ ಅಂದರು. ‘ನಮ್ ದೊಡ್ಡಪ್ಪ ಸಾ’ ಅಂದೆ. ‘ಚಿಕ್ಕಸಿದ್ದಯ್ಯ ಇದ್ದಾಗ ಒಂದಿನಾನೂ ನಮ್ ಗದ್ದ ಒಣಗ್ನಿಲ್ಲ. ಈಗ ಹೂಗ್ಯದಲ್ಲಿ ಕೂತ್ಕಂಡು ಕಾಗ್ದ ಬರ್ದು ಒಣಗುಸ್ತಾವ್ನಾ’ ಅಂದರು. ನಿಮ್ಮ ಹೆಸರು ಹೇಳಿದ್ದಕ್ಕೇ ಸುಮ್ಮನೆ ಹೋದರು, ಇಲ್ಲದಿದ್ದರೆ ತೂಬು ಒಡೆಯುತ್ತಿದ್ದರು.

ಈಗ ಹೇಳಿ. ನೀವು ಬರೆದದ್ದು ಆರು ತಾನೇ?

ರೂಪ


ಹೂಗ್ಯಂ
೨೬ ಸೆಪ್ಟೆಂಬರ್ ೨೦೨೫

ರೂಪ,

ಆರು ಅಲ್ಲ ಕಣೇ. ಆರ. ಆರಬಿಟ್ಟು. ಒಣಗಲು ಬಿಟ್ಟು. ಬಟ್ಟೆ ಆರಹಾಕುವುದಿಲ್ಲವೇ, ಆ ಆರು. ಪಿಯುಸಿ ಓದಿದವಳು ನೀನು, ಮುದುಕನ ಕೈ ನಡುಗಿ ಒಂದು ಗೀಟು ಹೆಚ್ಚಿಗೆ ಎಳೆದರೆ ಅದಕ್ಕೆ ಲೆಕ್ಕ ಕಟ್ಟುತ್ತೀಯಾ?

ಗದ್ದೆ ಅಂದರೆ ವಾರದ ಸಂತೆಯೇ, ಸೋಮವಾರ ಇವರಿಗೆ ಮಂಗಳವಾರ ಅವರಿಗೆ ಅನ್ನಲು? ಒಂದು ಗದ್ದೆ ಎರಡು ದಿನಕ್ಕೆ ಬೇಡುತ್ತದೆ, ಇನ್ನೊಂದು ಐದು ದಿನ ತಡೆಯುತ್ತದೆ. ಅದನ್ನು ಕಂಡುಹಿಡಿಯುವವನಿಗೇ ನೀರುಗಂಟಿ ಅನ್ನುವುದು. ಕ್ಯಾಲೆಂಡರ್ ನೋಡಿಕೊಂಡು ತಿರುಪು ತಿರುಗಿಸಲು ಯಾರಾದರೂ ಸಾಕು. ಪ್ರಭುಸ್ವಾಮಿ ನಲ್ಲಿ ತಿರುಗಿಸುವ ಮಾತು ಆಡಿದ್ದು ಸರಿಯಾಗಿಯೇ ಇತ್ತು.

ಮೇಲಿನ ಮರಳು ನೆಲ ಆರು ದಿನ ತಡೆಯುವುದಿಲ್ಲ. ಪೈರು ಕೆಂಪಾಗುತ್ತದೆ. ಕೆಂಪಾದ ಪೈರನ್ನು ಊರವರು ನನ್ನ ಹೆಸರಿಗೆ ಬರೆಯುತ್ತಾರೆ, ಚಿಕ್ಕಸಿದ್ದಯ್ಯ ಹೇಳಿದ್ದಂತೆ ಅಂತ. ಈ ಕಾಗದ ಕೈಗೆ ಬಂದ ದಿನವೇ ನಿಲ್ಲಿಸು. ನನ್ನ ಮಾತಿಗೆ ಬೆಲೆ ಇದ್ದರೆ ನಿಲ್ಲಿಸು.

ಚಿಕ್ಕಸಿದ್ದಯ್ಯ


ಕೆಳಗಲಹುಂಡಿ
೬ ಅಕ್ಟೋಬರ್ ೨೦೨೫

ದೊಡ್ಡಪ್ಪ,

ನಿಲ್ಲಿಸಲಿಲ್ಲ.

ಕಾಗದ ಬಂದ ದಿನ ಅದನ್ನು ರಾಗಿ ಹಿಟ್ಟಿನ ಡಬ್ಬದ ಕೆಳಗಿಟ್ಟು ಎರಡು ದಿನ ಯಾರಿಗೂ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ. ಮೂರನೆಯ ದಿನ ಇದು ನನ್ನ ಕೈಲಾಗದು ಅನ್ನಿಸಿತು. ಏಳೂ ತೂಬಿನವರನ್ನು ಅರಳಿಕಟ್ಟೆಗೆ ಕರೆಸಿ ನಿಮ್ಮ ಕಾಗದವನ್ನು ಪೂರಾ ಓದಿದೆ, ನನ್ನನ್ನು ಬೈದದ್ದನ್ನೂ ಸೇರಿಸಿ. ಕೊಂಬಿನ ಕಥೆ ಕೇಳಿ ಎಲ್ಲರೂ ನಕ್ಕರು. ಪ್ರಭುಸ್ವಾಮಿಯವರು ನಗಲಿಲ್ಲ. ‘ಯೋಳ್ಕೊಟ್ಟೋನೇ ತಪ್ಪು ಅಂದ್ಮೇಲ ಇನ್ನೇನವ್ವ, ಮೊದ್ಲಂಗೇ ನೀರ್ ಬುಡು’ ಅಂದರು.

ಪುಟ್ಟಮಲ್ಲಮ್ಮಜ್ಜಿ ಹಿಂದಿನಿಂದ ಎದ್ದು ನಿಂತಳು. ‘ಆರೋ ಏಳೋ ನಂಗೊತ್ತಿಲ್ಲ ಕಣಪ್ಪ. ನಮ್ ಗದ್ದಗ ನೀರ್ ಬಂತು. ತಪ್ಪಾದ್ರ ವಾರವಾರವೂ ತಪ್ಪಾಗ್ಲಿ’ ಅಂದಳು.

ಆಮೇಲೆ ನಾನು ಪ್ರಭುಸ್ವಾಮಿಯವರನ್ನು ಕರೆದುಕೊಂಡು ಅವರದೇ ಗದ್ದೆಗೆ ಹೋದೆ. ಆವತ್ತು ಶನಿವಾರ, ಅವರಿಗೆ ನೀರು ಬಿಟ್ಟು ಆರನೆಯ ದಿನ. ಮೇಲೆ ಬಿರುಕು ಇತ್ತು, ಸುಳ್ಳು ಹೇಳುವುದಿಲ್ಲ. ಕುಡುಗೋಲಿನಲ್ಲಿ ಗೇಣುದ್ದ ತೋಡಿದೆ. ಕೆಳಗೆ ಕೆಸರು ಒದ್ದೆ ಇತ್ತು, ನಾವು ನೋಡುತ್ತಿದ್ದ ಹಾಗೆಯೇ ಗುಂಡಿಯ ತಳದಲ್ಲಿ ನೀರು ಜಿನುಗಿತು. ಒಂದು ಬುಡ ಕಿತ್ತು ತೋರಿಸಿದೆ. ಬೇರು ಬೆಳ್ಳಗೆ, ಉದ್ದಕ್ಕೆ, ನೀರು ಹುಡುಕಿಕೊಂಡು ಕೆಳಗೆ ಹೋಗಿತ್ತು. ಪಕ್ಕದ ಮನೆಯವರು ಕದ್ದು ನೀರು ನಿಲ್ಲಿಸಿಕೊಂಡಿದ್ದ ಗದ್ದೆಯಿಂದ ಇನ್ನೊಂದು ಬುಡ ಕಿತ್ತೆ. ಅದರ ಬೇರು ಕಪ್ಪಗೆ, ಮೋಟಾಗಿ ಇತ್ತು. ಅವರು ಎರಡನ್ನೂ ಕೈಲಿ ಹಿಡಿದು ಬಹಳ ಹೊತ್ತು ನೋಡಿದರು. ‘ತೆನ ಕಟ್ಟೋ ಹೊಡೆ ಗಂಟ ನೋಡ್ಮ. ಹೊಡೆಗ ಒಣಗುದ್ರ ತೂಬೂ ಇಲ್ಲ, ನೀರ್ಗಂಟಿನೂ ಇಲ್ಲ’ ಅಂದರು.

ನಿಮ್ಮ ಮಾತೂ ಸುಳ್ಳಲ್ಲ. ಎರಡನೇ ತೂಬಿನ ಮೂಲೆಯಲ್ಲಿ ಮುಕ್ಕಾಲು ಎಕರೆ ಬರೀ ಮರಳು, ಅಲ್ಲಿ ಪೈರು ಕೆಂಪಾಯಿತು. ಅದಕ್ಕೆ ಗುರುವಾರ ಒಂದು ಗಂಟೆ ಬೇರೆಯಾಗಿ ಬಿಡುತ್ತಿದ್ದೇನೆ. ಕಳೆಯೂ ಒಂದು ಸಲ ಹೆಚ್ಚಿಗೆ ಕೀಳಬೇಕಾಯಿತು, ಹೆಂಗಸರೆಲ್ಲ ನನ್ನನ್ನು ಬೈದರು. ಆದರೆ ಕೆರೆ ನೋಡಿ. ಹೋದ ವರ್ಷ ಆಯುಧ ಪೂಜೆಯ ದಿನ ನೀರಿನಿಂದ ಮೇಲೆ ಹದಿನಾಲ್ಕು ಮೆಟ್ಟಿಲು ಕಾಣುತ್ತಿತ್ತು. ಈ ವರ್ಷ ಎಂಟೇ. ಏಳೂ ತೂಬು ಕುಡಿದ ಮೇಲೂ ಎಂಟೇ.

ಒಂದೊಂದು ಗದ್ದೆಗೂ ಇಳಿದು ನೋಡುವವನು ನೀರುಗಂಟಿ ಅಂತ ಬರೆದಿರಿ. ಹಾಗೆ ನೋಡುವಾಗ ಮೇಲಿನಿಂದಲೇ ಶುರು ಮಾಡುತ್ತೀರಿ, ಅಲ್ಲವೇ? ಮೇಲಿನದು ಯಾವಾಗಲೂ ಮೊದಲು ಆರುತ್ತದೆ, ಅದಕ್ಕೇ ಮೊದಲು ನೀರು. ಕೆಳಕ್ಕೆ ಬರುವಷ್ಟರಲ್ಲಿ ಮೇಲಿನದು ಮತ್ತೆ ಆರಿರುತ್ತದೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಏಳನೇ ತೂಬಿಗೆ ನೀರು ಹೋಗಿ ಹನ್ನೊಂದು ವರ್ಷ. ನೀವು ಹೂಗ್ಯಂಗೆ ಹೋಗಿ ಎಂಟು ವರ್ಷ. ಊರೆಲ್ಲ ಮಾದುವನ್ನು ಬೈಯುತ್ತದೆ. ಮೊದಲ ಮೂರು ವರ್ಷ ತಿರುಪು ಯಾರ ಕೈಲಿತ್ತು ದೊಡ್ಡಪ್ಪ?

ರೂಪ


ಕೆಳಗಲಹುಂಡಿ
೨೦ ಅಕ್ಟೋಬರ್ ೨೦೨೫

ದೊಡ್ಡಪ್ಪ,

ನಿಮ್ಮ ಕಾಗದ ಇಲ್ಲದೆ ಎರಡು ವಾರ ಆಯಿತು. ದೇವೀರಕ್ಕನ ಫೋನ್ ಸಿಕ್ಕಿತು, ನೀವು ಚೆನ್ನಾಗಿದ್ದೀರಿ, ಆದರೆ ಉಣ್ಣುವಾಗಲೂ ಮಾತಾಡುವುದಿಲ್ಲ ಅಂದಳು. ನಾನು ಹಾಗೆ ಕೇಳಬಾರದಿತ್ತೇನೋ. ಕೇಳಿದ್ದು ತಪ್ಪು ಅಂತ ಮಾತ್ರ ಅನ್ನಿಸುತ್ತಿಲ್ಲ.

ದೀಪಾವಳಿ ಹಬ್ಬದ ದಿನ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ವಾರಕ್ಕೆ ಪೈರು ಹೊಡೆ ತುಂಬುತ್ತದೆ. ತೆನೆ ಹೊಟ್ಟೆಯಲ್ಲಿರುವಾಗ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಆರು ದಿನ ಬಿಡಲು ಧೈರ್ಯ ಇಲ್ಲ, ಬಿಡದಿದ್ದರೆ ಸರದಿ ಮುರಿಯುತ್ತದೆ, ಸರದಿ ಮುರಿದರೆ ಮೇಲಿನವರು ತೂಬು ಎತ್ತಿಕೊಳ್ಳುತ್ತಾರೆ, ಏಳನೆಯದು ಅಲ್ಲಿಗೆ ಮುಗಿಯಿತು. ಯಾರನ್ನು ಕೇಳಲಿ? ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಪೈರಿನ ಮೇಲೆ ಇಟ್ಟುಕೊಳ್ಳಬೇಡಿ.

ರೂಪ


ಹೂಗ್ಯಂ
೨೪ ಅಕ್ಟೋಬರ್ ೨೦೨೫

ರೂಪ,

ಟಪಾಲು ನಂಬಿದರೆ ಹೊಡೆ ದಾಟಿ ಹೋಗುತ್ತದೆ ಅಂತ ಇದನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಕೊಳ್ಳೇಗಾಲದಲ್ಲಿ ಮಾದುಗೆ ಕೊಡುತ್ತಾನೆ, ಮಾದು ಸಂಜೆಗೆ ನಿನಗೆ ಮುಟ್ಟಿಸುತ್ತಾನೆ.

ಮೊದಲು ಹೊಡೆಯ ಮಾತು. ಹೊಡೆ ಕಟ್ಟಿದ ದಿನದಿಂದ ಹೂವು ಕಳಚಿ ಹಾಲು ತುಂಬುವವರೆಗೆ, ಹದಿನೆಂಟು ಇಪ್ಪತ್ತು ದಿನ, ಗದ್ದೆ ಒಣಗಕೂಡದು. ಒಂದು ದಿನವೂ ಕೂಡದು. ಎರಡು ಬೆರಳು ನೀರು ನಿಂತಿರಬೇಕು. ಆಗ ಆರೂ ಇಲ್ಲ, ಆರಬಿಡುವುದೂ ಇಲ್ಲ. ಇದರಲ್ಲಿ ನನ್ನ ಮಾತು ಕೇಳು, ಇದು ನಡುಗುವ ಕೈಯ ಮಾತಲ್ಲ. ಈಗ ಕೆರೆಯ ಲೆಕ್ಕ. ಮೆಟ್ಟಿಲು ಎಂಟು ಕಾಣುತ್ತದೆ ಅಂದೆ. ಈಗ ಹತ್ತೇ ಕಾಣುತ್ತಿದ್ದರೂ ಸರಿಯೇ, ಏಳೂ ತೂಬನ್ನು ಒಟ್ಟಿಗೆ ತೆಗಿ, ಅರ್ಧರ್ಧ ತಿರುಪು. ಇಪ್ಪತ್ತು ದಿನಕ್ಕೆ ಧಾರಾಳವಾಗಿ ಬರುತ್ತದೆ. ನನ್ನ ಕಾಲದಲ್ಲಿ ಹೊಡೆಯ ಹೊತ್ತಿಗೆ ಕೆರೆಯಲ್ಲಿ ಅಷ್ಟು ನೀರು ನಾನು ಒಂದು ವರ್ಷವೂ ಕಂಡಿಲ್ಲ. ನೀನು ಆರು ಆರು ದಿನ ಬೀಗ ಹಾಕಿದ್ದರಿಂದ ಉಳಿದ ನೀರು ಅದು. ಪ್ರಭುಸ್ವಾಮಿಗೆ ಹೋಗಿ ಹೇಳು, ಏಳನ್ನೂ ಒಟ್ಟಿಗೆ ತೆಗೆಯುತ್ತಿದ್ದೇನೆ ಅಂತ. ಅವನು ನಂಬುವುದಿಲ್ಲ, ಕೆರೆಗೆ ಕರೆದುಕೊಂಡು ಹೋಗು.

ಇನ್ನು ನೀನು ಕೇಳಿದ ಮಾತು. ನಿನ್ನ ಕಾಗದವನ್ನು ಒಂಬತ್ತು ಸಲ ಓದಿದೆ, ಒಂಬತ್ತು ಸಲವೂ ಮಡಿಸಿ ಇಟ್ಟೆ.

ತಿರುಪು ನನ್ನ ಕೈಲೇ ಇತ್ತು. ಕಿವಿ ಆಗಲೇ ಹೋಗಿತ್ತು, ಮಂಡಿ ಹಿಡಿದುಕೊಂಡಿತ್ತು. ಏಳನೇ ತೂಬು ಎರಡೂವರೆ ಮೈಲಿ. ಅಲ್ಲಿಗೆ ಹೋದರೆ ಕೆಳಗಿನವರು ಬಂದು ಕೇಳುತ್ತಿದ್ದರು, ಬಾಯಿ ಆಡುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ನಾನು ಐದನೇ ತೂಬಿಗೆ ತಿರುಗಿಕೊಂಡು ಬಂದುಬಿಡುತ್ತಿದ್ದೆ. ನೀರು ಸಾಲಲಿಲ್ಲ ಅಂತ ಸಂಘದಲ್ಲಿ ಹೇಳಿದೆ. ಮೂರು ವರ್ಷ ಹೇಳಿದೆ. ಮೇಲಿನವರು ಚಿಕ್ಕಸಿದ್ದಯ್ಯ ಒಳ್ಳೆ ನೀರುಗಂಟಿ ಅಂದರು, ನನಗೆ ಅದು ಕೇಳಿಸಿತು ನೋಡು. ಮಾದು ಬಂದಾಗ ನಾಲೆಯ ಕೊನೆಯಲ್ಲಿ ಮೊಣಕಾಲುದ್ದ ಹೂಳು ತುಂಬಿತ್ತು. ಅವನನ್ನು ಬೈಯುವಾಗ ನಾನು ಇಲ್ಲಿ ಸುಮ್ಮನೆ ಕೂತಿದ್ದೆ. ಈ ಕಾಗದವನ್ನು ಅವನ ಕೈಗೇ ಕೊಟ್ಟು ಕಳಿಸುತ್ತಿದ್ದೇನೆ, ಒಡೆದು ಓದಿದರೂ ಬೇಸರವಿಲ್ಲ.

ನಲವತ್ತು ವರ್ಷದ ನನ್ನ ಸರಿಯಾದ ಮಾತು ಕೊನೆ ತೂಬನ್ನು ಉಳಿಸಲಿಲ್ಲ. ನಿನ್ನ ತಪ್ಪು ಓದು ಉಳಿಸುತ್ತದೆ ಅಂತ ಕಾಣುತ್ತದೆ. ಹೊಡೆ ದಾಟಿಸು ಮಗಳೇ.

ಚಿಕ್ಕಸಿದ್ದಯ್ಯ


ಕೆಳಗಲಹುಂಡಿ
೧೫ ಡಿಸೆಂಬರ್ ೨೦೨೫

ಪ್ರೀತಿಯ ದೊಡ್ಡಪ್ಪನಿಗೆ,

ಗೆದ್ದೆವು. ಮೊದಲು ಅದನ್ನು ಬರೆದು ಆಮೇಲೆ ಉಳಿದದ್ದು.

ಅಕ್ಟೋಬರ್ ಇಪ್ಪತ್ತೇಳರ ಬೆಳಿಗ್ಗೆ ಪ್ರಭುಸ್ವಾಮಿಯವರನ್ನು ಕೆರೆಯ ಮೆಟ್ಟಿಲಿಗೆ ಕರೆದುಕೊಂಡು ಹೋದೆ. ಒಂಬತ್ತು ಮೆಟ್ಟಿಲು ಕಾಣುತ್ತಿತ್ತು. ಅವರು ಎರಡು ಸಲ ಎಣಿಸಿದರು. ‘ಒಟ್ಗೇ ಏಳೂ ತಗೀತೀಯಾ’ ಅಂದರು. ‘ತಗೀತೀನಿ ಸಾ’ ಅಂದೆ. ನನ್ನ ಜೊತೆಯಲ್ಲೇ ನಡೆದು ಬಂದರು. ಅಂಥ ಯಜಮಾನರು, ಸ್ಕೂಟರ್ ಅಲ್ಲೇ ಮೆಟ್ಟಿಲ ಹತ್ತಿರ ನಿಲ್ಲಿಸಿ, ಏಳನೇ ತೂಬಿನವರೆಗೆ ಎರಡೂವರೆ ಮೈಲಿ ನಡೆದರು. ಆ ತೂಬನ್ನು ಅವರು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲವಂತೆ. ಇಪ್ಪತ್ತು ದಿನ ಏಳೂ ತೂಬಿನಲ್ಲಿ ನೀರು ಹರಿಯಿತು. ರಾತ್ರಿ ಕಾಯುವುದಿರಲಿಲ್ಲ, ಜಗಳವಿರಲಿಲ್ಲ. ಹೂವು ಬಿಟ್ಟಾಗ ನಾಲೆಯ ಉದ್ದಕ್ಕೂ ಒಂದೇ ಬಣ್ಣ, ಮೇಲಿನ ಗದ್ದೆ ಯಾವುದು ಕೆಳಗಿನ ಗದ್ದೆ ಯಾವುದು ಅಂತ ಹೇಳಲಾಗುತ್ತಿರಲಿಲ್ಲ.

ಕಟಾವಿನ ಮಿಷನ್ನು ಹನ್ನೊಂದು ವರ್ಷದ ಮೇಲೆ ಏಳನೇ ತೂಬಿನ ಗದ್ದೆಗೆ ಇಳಿಯಿತು. ದಾರಿ ಇರಲಿಲ್ಲ, ಜನವೇ ಬದು ಕಡಿದು ದಾರಿ ಮಾಡಿಕೊಟ್ಟರು. ಎಕರೆಗೆ ಇಪ್ಪತ್ತಾರು ಮೂಟೆ ಬಂತು. ಪ್ರಭುಸ್ವಾಮಿಯವರ ಗದ್ದೆಯಲ್ಲಿ ಇಪ್ಪತ್ತೊಂಬತ್ತು, ಹೋದ ವರ್ಷಕ್ಕಿಂತ ಎರಡು ಹೆಚ್ಚು. ಅವರು ಅದನ್ನು ಜೋರಾಗಿ ಹೇಳುವುದಿಲ್ಲ, ಆದರೆ ಎಲ್ಲರಿಗೂ ಹೇಳುತ್ತಾರೆ. ಆ ಮರಳು ಮೂಲೆಯಲ್ಲಿ ಮಾತ್ರ ಹದಿನಾರೇ. ಮುಂದಿನ ವರ್ಷ ಅಲ್ಲಿ ರಾಗಿ ಹಾಕುತ್ತಾರಂತೆ.

ನಿನ್ನೆ ಸಂಘದ ಸಭೆ. ಸಿಮೆಂಟಿನ ನಿರ್ಣಯವನ್ನು ಪ್ರಭುಸ್ವಾಮಿಯವರೇ ಎದ್ದು ರದ್ದು ಮಾಡಿಸಿದರು. ಇನ್ನು ಮುಂದೆ ಸರದಿಯೇ ಕಟ್ಟಳೆ, ಬಾಲದಿಂದ ಶುರು, ಹೊಡೆಯಲ್ಲಿ ಏಳೂ ಒಟ್ಟಿಗೆ. ಕೈ ಎತ್ತದವರು ಒಬ್ಬರೂ ಇರಲಿಲ್ಲ. ‘ನೀರ್ಗಂಟ್ಯಮ್ಮ, ಬರಕಳವ್ವ’ ಅಂತ ನಿರ್ಣಯದ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. ಕೆರೆಯಲ್ಲಿ ಇನ್ನೂ ನೀರಿದೆ. ಅದರಲ್ಲಿ ಏಳನೇ ತೂಬಿನವರು ಉದ್ದು ಹಾಕಬೇಕು ಅಂತ ಆಯಿತು. ಹೆಚ್ಚಿನ ಬೆಳೆ ಮೊದಲು ಅವರಿಗೆ. ಜನವರಿ ಐದು, ಸೋಮವಾರ ಬೆಳಿಗ್ಗೆ ಎಂಟಕ್ಕೆ ತೂಬು ತೆಗೆಯುತ್ತೇನೆ.

ನಿಮ್ಮ ಕಾಗದದ ಎರಡನೆಯ ಪುಟವನ್ನು ನಾನು ಯಾರಿಗೂ ಓದಲಿಲ್ಲ. ಮಾದು ಒಡೆಯದೇ ತಂದುಕೊಟ್ಟಿದ್ದ. ಅವನಿಗೆ ಒಬ್ಬನಿಗೆ ತೋರಿಸಿದೆ, ಅದು ಅವನ ಹಕ್ಕು. ಓದಿ ಮಡಿಸಿಕೊಟ್ಟು ‘ದೊಡ್ಡೋರು, ಬುಡು’ ಅಂದ. ಪುಟ್ಟಮಲ್ಲಮ್ಮಜ್ಜಿಗೆ ಹೇಳುವುದೋ ಬೇಡವೋ ಅಂತ ಒದ್ದಾಡುತ್ತಿದ್ದೆ. ಹೊಸ ಅಕ್ಕಿ ಮಾಡಿಸಿದ ದಿನ ಅವಳೇ ಒಂದು ಚೀಲ ತಂದು ನಮ್ಮ ಜಗಲಿಯ ಮೇಲಿಟ್ಟಳು. ‘ಇದ್ನ ನಿಮ್ ದೊಡ್ಡಪ್ಪನ್ಗ ಕಳ್ಸು’ ಅಂದಳು. ನಾನು ಚೀಲಕ್ಕೆ ಕೈ ಹಾಕಲಿಲ್ಲ. ಅವಳು ನನ್ನ ಮುಖ ನೋಡಿ, ‘ನಮ್ಗ ಗೊತ್ತಿತ್ತು ಕಣವ್ವ. ಐದ್ನೇ ತೂಬ್ತಾವ ಅವ್ನು ತಿರಿಕ್ಕಂಡು ಓಗದ್ನ ದಿನಾ ನೋಡ್ತಿದ್ದಿ. ಈಗ ಅಕ್ಕಿ ಬಂದದ, ಉಣ್ಲಿ’ ಅಂದಳು.

ಚೀಲ ಬಸ್ಸಿನಲ್ಲಿ ಬರುತ್ತಿದೆ. ಇಳಿಸಿಕೊಳ್ಳಿ.

ರೂಪ


ಹೂಗ್ಯಂ
೨೩ ಡಿಸೆಂಬರ್ ೨೦೨೫

ನೀರುಗಂಟಿ ರೂಪಮ್ಮನವರಿಗೆ,

ಅಕ್ಕಿ ಬಂತು. ದೇವೀರಿ ಅದೇ ದಿನ ಅನ್ನ ಮಾಡಿ ಬಡಿಸಿದಳು. ಮೊದಲನೇ ತುತ್ತನ್ನು ನಾನು ತಟ್ಟೆಗೇ ಹಾಕಿದೆ. ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಮತ್ತೆ ಬಂದು ಕೂತು ಪೂರಾ ಉಂಡೆ. ಉಣ್ಣು ಅಂದಿದ್ದಾಳಲ್ಲ, ಉಣ್ಣದೆ ಇರುವುದಕ್ಕೆ ನಾನ್ಯಾರು. ಅನ್ನ ಬಿಳಿಯಾಗಿ, ಒಂದೊಂದು ಅಗುಳೂ ಬಿಡಿಬಿಡಿಯಾಗಿತ್ತು. ಅರ್ಧರ್ಧ ಸೇರನ್ನು ಅಕ್ಕಪಕ್ಕದ ಮನೆಗಳಿಗೆ ಕೊಟ್ಟು, ಇದು ನಮ್ಮ ಏಳನೇ ತೂಬಿನದು ಅಂತ ಹೇಳಿಸಿದೆ. ಮಳೆ ನಂಬಿದ ಜನ, ತೂಬಿಗೆ ನಂಬರ್ ಯಾಕೆ ಅಂತ ಅವರಿಗೆ ಅರ್ಥವಾಗಲಿಲ್ಲ. ನನಗೆ ಸಂತೋಷ ತಡೆಯಲಾಗಲಿಲ್ಲ, ಹೇಳಿಕೊಂಡು ತಿರುಗಿದೆ.

ಆ ಎರಡನೆಯ ಪುಟವನ್ನು ಮುಚ್ಚಿಡಬೇಡ. ಆದರೆ ನೀನು ಓದಿ ಹೇಳಬೇಡ. ಮಾದುವಿನ ಮುಂದೆ, ಹದಿನೆಂಟು ಮನೆಯವರ ಮುಂದೆ ನನ್ನ ಬಾಯಿಂದಲೇ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಪುಟ್ಟಮಲ್ಲಮ್ಮ ಬೈದರೆ ಬೈಯಲಿ.

ಜನವರಿ ನಾಲ್ಕರ ಭಾನುವಾರದ ಬಸ್ಸಿಗೆ ಬಂದು ನಿನ್ನ ಮನೆಯಲ್ಲಿ ಮಲಗುತ್ತೇನೆ. ಉಮೇಶನಿಗೆ ಹೇಳು, ಗಾಡಿ ಬೇಡ, ಏಳನೇ ತೂಬಿಗೆ ನಾನು ನಡೆದೇ ಹೋಗುತ್ತೇನೆ, ಎಷ್ಟು ಹೊತ್ತಾದರೂ ಸರಿ. ನೀನು ಎಂಟಕ್ಕೆ ತೂಬು ತೆಗೆಯುತ್ತೇನೆ ಅಂತ ಬರೆದಿದ್ದೀಯ. ನಾನು ಏಳಕ್ಕೇ ಅಲ್ಲಿ ನಿಂತಿರುತ್ತೇನೆ.

ಚಿಕ್ಕಸಿದ್ದಯ್ಯ